ಬೇಡ ಅನ್ನುವ ಹೋಂವರ್ಕ್

ವಾಸಂತಿಯ ರಕ್ತ ಬಹಳ ಸುಧಾರಿಸಿದೆ ಎಂದು ಕೀಲಿನ ಡಾಕ್ಟರು ಹೇಳಿದರು. ಕೇಳಿ ಅವಳಿಗೂ ಸಂತೋಷವಾಯಿತು. ಆದರೆ ಆ ಶುಭಸಮಾಚಾರ ಅವಳ ಬೆರಳುಗಳಿಗೆ ಇನ್ನೂ ತಲುಪಿರಲಿಲ್ಲ. ಬೆಳಗ್ಗೆ ಎದ್ದಾಗ ಎರಡೂ ಕೈ ಮರದ ಹಾಗೆ ಬಿಗಿದುಕೊಂಡಿರುತ್ತಿದ್ದವು. ಹಲ್ಲುಜ್ಜುವ ಬ್ರಷ್ ಹಿಡಿಯಬೇಕಾದರೆ ಮೊದಲು ಅರ್ಧ ಗಂಟೆ ಬಿಸಿನೀರಿನಲ್ಲಿ ಮುಳುಗಿಸಿ ಆ ಕೈಗಳ ಕೈಕಾಲು ಹಿಡಿಯಬೇಕಾಗಿತ್ತು.

"ರಿಪೋರ್ಟ್ ಪ್ರಕಾರ ಕಾಯಿಲೆ ಹತೋಟಿಗೆ ಬಂದಿದೆ, ಮಿಸೆಸ್ ವಾಸಂತಿ. ನೋವಿಗೆ ಎಷ್ಟು ಕೊಡ್ತೀರಿ, ಹತ್ತರಲ್ಲಿ?"

"ಏಳು."

"ಹೋದ ಸಲಾನೂ ಏಳು ಅಂದಿದ್ರಿ."

"ಹೋದ ಸಲಾನೂ ನೋಯ್ತಿತ್ತು."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಒಂದು ಚೀಟಿ ಬರೆದುಕೊಟ್ಟರು. ಅದರಲ್ಲಿ ಮಾತ್ರೆಯ ಹೆಸರಿರಲಿಲ್ಲ. ಆರು ಶನಿವಾರ, ಬೆಳಗ್ಗೆ ಹತ್ತಕ್ಕೆ, ಇದೇ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಬಹುಕಾಲದ ಕೀಲುನೋವಿನವರಿಗೆ ಗುಂಪಿನಲ್ಲಿ ಕೂರಿಸಿ ಕೊಡುವ ಮನೋಚಿಕಿತ್ಸೆ.

"ಅಂದ್ರೆ ನೋವು ನನ್ನ ತಲೇಲಿದೆ ಅಂತೀರಾ?"

"ನೋವು ಕೈಯಲ್ಲೇ ಇದೆ. ಆದ್ರೆ ಅದನ್ನ ಹೊತ್ಕೊಂಡು ಓಡಾಡ್ತಿರೋದು ನೀವಲ್ವಾ?"

ವಾಸಂತಿ ಚೀಟಿ ಮಡಚಿ ಬ್ಯಾಗಿಗೆ ತುರುಕಿದಳು. ಮಾತಿನಲ್ಲಿ ಸೋತರೆ ಅವಳಿಗೆ ಸಿಟ್ಟು ಬರುತ್ತಿತ್ತು. ಮೈಸೂರಿನವಳು, ಐವತ್ತಮೂರು ವರ್ಷ, ಮಲೇಶಿಯಾಕ್ಕೆ ಬಂದು ಹದಿನಾಲ್ಕು ವರ್ಷ. ಸೈಬರ್‌ಜಯಾದ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ತಂಡಕ್ಕೆ ಮುಖ್ಯಸ್ಥೆ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ಅವಳ ಉದ್ಯೋಗ. ಅದಕ್ಕೆ ಯಾರೋ ಸಂಬಳ ಕೊಡುತ್ತಾರೆ ಎಂಬುದು ಅವಳ ಗಂಡ ತ್ರಿವಿಕ್ರಮನಿಗೆ ಇವತ್ತಿಗೂ ಸೋಜಿಗ. ಅವನಿಗೆ ಆ ಸೇವೆ ಮನೆಯಲ್ಲಿ ಬಿಟ್ಟಿಯಾಗಿ ಸಿಗುತ್ತಿತ್ತು.

ಪೆಟಾಲಿಂಗ್ ಜಯಾದ ತಮ್ಮ ಹನ್ನೊಂದನೆಯ ಮಹಡಿಯ ಮನೆಯಲ್ಲಿ ಚೀಟಿ ಓದಿದ ತ್ರಿವಿಕ್ರಮ ಗೆದ್ದವನ ಹಾಗೆ ತಲೆಯಾಡಿಸಿದ.

"ನಾನು ಮೊದಲಿಂದ ಬಡ್ಕೊಳ್ತಿಲ್ವಾ? ಎಲ್ಲಾ ಮನಸ್ಸೇ ಕಣೇ. ಮನಸ್ಸು ಗಟ್ಟಿ ಇದ್ರೆ ನೋವು ಎಲ್ಲಿಂದ ಬರತ್ತೆ?"

"ಗಂಟಿಂದ ಬರತ್ತೆ ರೀ," ಎಂದಳು ವಾಸಂತಿ.

ಹೋದ ತಿಂಗಳಷ್ಟೇ ಸೋಫಾದ ಕಾಲಿಗೆ ಕಿರುಬೆರಳು ತಗುಲಿಸಿಕೊಂಡು ಎರಡು ದಿನ ರಜೆ ಹಾಕಿದ್ದ ಧೀರ ಅವನು. ಆದರೂ ಹೆಂಡತಿಯ ಸಂಧಿವಾತದ ಬಗ್ಗೆ ಅವನಿಗೆ ತಿಳಿಯದ್ದಿರಲಿಲ್ಲ. ಮೆಂತ್ಯದ ನೀರು, ಬೆಳ್ಳುಳ್ಳಿ ಹಾಲು, ತಾಮ್ರದ ಬಳೆ, ಎಲ್ಲವನ್ನೂ ವಾಟ್ಸಾಪಿನಲ್ಲಿ ಓದಿ ಒಂದೊಂದಾಗಿ ಅವಳ ಮೇಲೆ ಪ್ರಯೋಗಿಸಿದ್ದ. ಹೊರಗಿನವರಿಗೆ ಹೇಳುವ ಮಾತು ಬಂದರೆ ಮಾತ್ರ ಇಬ್ಬರಿಗೂ ಒಮ್ಮತ. ತ್ರಿವಿಕ್ರಮ ಊರಿನ 'ಸ್ನೇಹ ಕನ್ನಡ ಬಳಗ'ದ ಕಾರ್ಯದರ್ಶಿ. ಒಂಬತ್ತು ವರ್ಷದಿಂದ ಬಳಗದಲ್ಲಿ ಯಾರಾದರೂ "ಕೈಗೇನಾಯ್ತ್ರೀ?" ಎಂದು ಕೇಳಿದರೆ "ಸ್ವಲ್ಪ ಉಳುಕಿದೆ" ಎನ್ನುವುದು ಇಬ್ಬರೂ ಸೇರಿ ಮಾಡಿಕೊಂಡ ಏರ್ಪಾಡು. ಒಂಬತ್ತು ವರ್ಷ ಉಳುಕಿಕೊಂಡೇ ಇದ್ದ ಕೈಯನ್ನು ಯಾರೂ ಅನುಮಾನಿಸಲಿಲ್ಲ. ಏಕೆಂದರೆ ಪ್ರತಿ ಯುಗಾದಿಗೆ ಅದೇ ಕೈಯಿಂದ ಎಂಬತ್ತು ಒಬ್ಬಟ್ಟು ತಪ್ಪದೆ ಬರುತ್ತಿತ್ತು.

ಮೊದಲ ಶನಿವಾರ ವಾಸಂತಿ ಮೂರನೆಯ ಮಹಡಿಗೆ ಹೋದಳು. ಕುರ್ಚಿಗಳನ್ನು ದುಂಡಗೆ ಜೋಡಿಸಿ ನಟ್ಟನಡುವೆ ಒಂದು ಸ್ಟೂಲಿನ ಮೇಲೆ ಟಿಶ್ಯೂ ಡಬ್ಬ ಇಟ್ಟಿದ್ದರು. ಇಲ್ಲಿ ಅಳಲೇಬೇಕು ಎಂದು ಮೊದಲೇ ತೀರ್ಮಾನವಾದ ಹಾಗಿತ್ತು. ಐನಾ ಎಂಬ ಮನಃಶಾಸ್ತ್ರಜ್ಞೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕಾಗದ ಜೋಡಿಸುತ್ತಿದ್ದಳು. ಇಪ್ಪತ್ತೆಂಟು ದಾಟಿರಲಿಕ್ಕಿಲ್ಲ. ತಲೆಗೆ ತಿಳಿಹಸಿರು ವಸ್ತ್ರ, ದನಿ ಜೇನು. ಜನ ಬಂದದ್ದು ನೋಡಿ ಎಲ್ಲಿಯೂ ಕೈ ಊರದೆ, ಮೊಣಕಾಲು ಲಟಕ್ಕೆನ್ನಿಸದೆ ಚಂಗನೆ ಎದ್ದು ನಿಂತಳು. ವಾಸಂತಿ ಅವಳನ್ನು ಕ್ಷಮಿಸದಿರಲು ಅಷ್ಟೇ ಸಾಕಾಯಿತು.

ಗುಂಪಿನಲ್ಲಿ ಖಾಯಂ ಬರುವವರು ನಾಲ್ಕೇ ಜನ. ವಾಸಂತಿಯನ್ನು ಬಿಟ್ಟರೆ ಅಂಕಲ್ ಚೋಂಗ್, ಇಪೋ ಊರಿಗೆ ಮೂವತ್ತು ವರ್ಷ ಬಸ್ಸು ಓಡಿಸಿ ಎರಡೂ ಮಂಡಿ ಸವೆಸಿಕೊಂಡವರು. ಎರಡನೆಯವರು ಸಾಮುಂಡೇಶ್ವರಿ, ಅಂಚೆ ಕಚೇರಿಯಿಂದ ನಿವೃತ್ತರಾದ ತಮಿಳು ಹೆಂಗಸು. ವಾಸಂತಿ ಮೈಸೂರಿನವಳೆಂದು ತಿಳಿದ ಕೂಡಲೇ "ನಮ್ಮ ಚಾಮುಂಡಿ ಅಮ್ಮನ ಊರಾ! ನನ್ನ ಹೆಸರೇ ಅವಳದು ಲಾ!" ಎಂದು ಅಲ್ಲಿಯವರ ಮಾತಿನ ಬಾಲವಾದ 'ಲಾ' ಸೇರಿಸಿ ಕೈ ಹಿಡಿದುಕೊಂಡಾಗ ಇಬ್ಬರೂ ನೋವಿಗೆ ಒಟ್ಟಿಗೆ "ಅಯ್ಯೋ" ಎಂದಿದ್ದರು. ಮೂರನೆಯವರು ಪುವಾನ್ ರೊಹಾನಿ. ಪುವಾನ್ ಎಂದರೆ ಅಲ್ಲಿಯವರ ಬಾಯಲ್ಲಿ ಅಮ್ಮಾವರು. ನಲವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದವರು. ಸೊಂಟ ಮತ್ತು ಕೈ ಎರಡರಲ್ಲೂ ಸಂಧಿವಾತ. ಮನೆಯಲ್ಲಿ ಮಗಳ ಮೂರು ಮಕ್ಕಳು, ಬೆಳಗ್ಗೆ ಏಳರಿಂದ ಸಂಜೆ ಏಳರವರೆಗೆ.

"ಮೊದಲು ನಿಮ್ಮ ನೋವಿನ ಬಗ್ಗೆ ಒಂದೊಂದು ಮಾತು ಹೇಳಿ," ಎಂದಳು ಐನಾ.

ಅಂಕಲ್ ಚೋಂಗ್ ಮಂಡಿ ಸವರಿಕೊಂಡು ಬಹಳ ಹೊತ್ತು ಯೋಚಿಸಿದರು. "ಇವತ್ತು ಮಧ್ಯಾಹ್ನ ಮಳೆ ಬರತ್ತೆ," ಎಂದರು.

ಎಲ್ಲರೂ ತಲೆದೂಗಿದರು. ಮಲೇಶಿಯಾದಲ್ಲಿ ಮಧ್ಯಾಹ್ನ ಮಳೆ ಬರುತ್ತದೆ ಎಂದು ಹೇಳಲು ಮಂಡಿಯ ಸಹಾಯ ಯಾಕೆ ಬೇಕೋ ವಾಸಂತಿಗೆ ತಿಳಿಯಲಿಲ್ಲ.

ಎರಡನೆಯ ವಾರ ಐನಾ ಎಲ್ಲರ ಕಣ್ಣು ಮುಚ್ಚಿಸಿದಳು. ಒಂದು ತಿಳಿನೀರಿನ ಹೊಳೆಯನ್ನು ಕಲ್ಪಿಸಿಕೊಳ್ಳಬೇಕು, ಬರುವ ಒಂದೊಂದು ಯೋಚನೆಯನ್ನೂ ಒಂದೊಂದು ಎಲೆಯ ಮೇಲಿಟ್ಟು ತೇಲಿಬಿಡಬೇಕು. ವಾಸಂತಿಗೆ ಎಲೆ ಎಂದ ಕೂಡಲೇ ಬಂದದ್ದು ಬಾಳೆ ಎಲೆ. ಹೊಳೆ ಎಂದರೆ ದಿನಾ ಕಾರಿನಿಂದ ಕಾಣುವ ಕ್ಲಾಂಗ್ ನದಿ, ಕಂದು ನೀರು, ಅದರಲ್ಲಿ ತೇಲುವ ಪ್ಲಾಸ್ಟಿಕ್ ಬಾಟಲಿ. ಆ ಬಾಳೆ ಎಲೆಯ ಮೇಲೆ ಒಬ್ಬಟ್ಟು ಬಂದು ಕೂತಿತು. ಒಂದಾದ ಮೇಲೊಂದು. ಎಂಬತ್ತೂ ಬಂದವು. ಕಣ್ಣು ಬಿಟ್ಟಾಗ ಬೆನ್ನು ಬೆವರಿತ್ತು.

"ಹೇಗನ್ನಿಸ್ತು?" ಎಂದಳು ಐನಾ.

"ಬಹಳ ಶಾಂತಿ," ಎಂದಳು ವಾಸಂತಿ.

ಮೂರನೆಯ ವಾರಕ್ಕೆ ರಂಜಾನ್ ಶುರುವಾಗಿತ್ತು. ಐನಾ, ರೊಹಾನಿ ಇಬ್ಬರದೂ ಉಪವಾಸ. ಮಿಕ್ಕವರು ಅವರಿಗೆ ಕಾಣದಂತೆ ಕಾರಿಡಾರಿಗೆ ಹೋಗಿ ಕಳ್ಳರ ಹಾಗೆ ನೀರು ಕುಡಿದು ಬಂದರು. ಆ ದಿನದ ಪಾಠ, ಕೆಲಸವನ್ನು ಅಳೆದು ಮಾಡುವುದು. ಕೊನೆಗೆ ಐನಾ ಹೋಂವರ್ಕ್ ಕೊಟ್ಟಳು.

"ಈ ವಾರ ಯಾರಿಗಾದರೂ ಒಬ್ಬರಿಗೆ, ಒಂದೇ ಒಂದು ಸಲ, 'ಬೇಡ, ಆಗಲ್ಲ' ಅನ್ನಬೇಕು. ನೆಪ ಹೇಳೋ ಹಾಗಿಲ್ಲ. 'ನನಗೆ ನೋವಿದೆ, ಆಗಲ್ಲ.' ಅಷ್ಟೇ. ಬಹಳ ಸಿಂಪಲ್."

ಹೋಂವರ್ಕ್ ಯಾವುದೆಂದು ವಾಸಂತಿ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಅದು ಮನೆಯ ಸೋಫಾದಲ್ಲಿ ಫೋನು ಹಿಡಿದು ಕೂತಿತ್ತು.

"ವಾಸಂತಿ, ಈ ಸಲ ಒಬ್ಬಟ್ಟು ನೂರಾ ಇಪ್ಪತ್ತು ಮಾಡಿಬಿಡು," ಎಂದ ತ್ರಿವಿಕ್ರಮ, ತಲೆ ಎತ್ತದೆ. "ಯುಗಾದಿ ಆದ್ಮೇಲಿನ ಭಾನುವಾರ ಹಾಲ್ ಬುಕ್ ಆಗಿದೆ. ನಿಲಾಯ್ ಕಾಲೇಜಿಂದ ಕನ್ನಡ ಸ್ಟೂಡೆಂಟ್ಸೂ ಬರ್ತಿದಾರೆ. ಪಾಪ, ಮಾಮಕ್ ಹೋಟ್ಲಲ್ಲಿ ತಪಾವ್ ಮಾಡಿಸ್ಕೊಂಡು ಪಾರ್ಸಲ್ಲೇ ತಿಂದು ಬದುಕ್ತಿರೋ ಮಕ್ಕಳು."

ವಾಸಂತಿ ಬ್ಯಾಗು ಕೆಳಗಿಟ್ಟಳು. ಉಸಿರು ಎಳೆದುಕೊಂಡಳು. 'ನನಗೆ ನೋವಿದೆ, ಆಗಲ್ಲ' ಎಂಬ ಮಾತು ಗಂಟಲಿನವರೆಗೆ ಬಂತು. ಬಾಯಿ ತೆರೆದಳು.

"ಹೂರಣಕ್ಕೆ ಕಡಲೆಬೇಳೇನೋ ತೊಗರಿಬೇಳೇನೋ?" ಎಂದು ಹೊರಬಂತು.

"ತೊಗರಿಬೇಳೆ," ಎಂದ ತ್ರಿವಿಕ್ರಮ.

ನಾಲ್ಕನೆಯ ಶನಿವಾರ ಐನಾ ಹೋಂವರ್ಕಿನ ವರದಿ ಕೇಳಿದಳು. ಸಾಮುಂಡೇಶ್ವರಿ ಹೆಮ್ಮೆಯಿಂದ ಮೊದಲು ಮಾತಾಡಿದರು. ಅವರು ಧೈರ್ಯ ಮಾಡಿ ಫಿಸಿಯೋಥೆರಪಿಗೆ ಬೇಡ ಅಂದಿದ್ದರು. ಅಂಕಲ್ ಚೋಂಗ್ ಅವರದು ಇನ್ನೊಂದು ಬಗೆ. "ಮಗ ಫೋನ್ ಮಾಡಿದ. 'ಪಪ್ಪಾ, ನೋವಿದೆಯಾ?' ಅಂದ. 'ಇಲ್ಲ' ಅಂದೆ. ಇದು ಲೆಕ್ಕಕ್ಕೆ ಬರತ್ತಾ?" ರೊಹಾನಿ ತಲೆ ತಗ್ಗಿಸಿ, "ನನಗೆ ಬಾಯಿ ಬರ್ಲಿಲ್ಲ, ಟೀಚರ್," ಎಂದರು. ಮಗಳ ವಯಸ್ಸಿನ ಐನಾಳನ್ನು ಅವರು ಟೀಚರ್ ಎಂದೇ ಕರೆಯುತ್ತಿದ್ದರು.

ವಾಸಂತಿಯ ಸರದಿ ಬಂತು. ಅವಳು ಒಂದನೆಯ ಕ್ಲಾಸಿನಿಂದ ಎಂಜಿನಿಯರಿಂಗ್ ಮುಗಿಯುವವರೆಗೆ ಹೋಂವರ್ಕ್ ಮಾಡದೆ ಕ್ಲಾಸಿಗೆ ಹೋದವಳಲ್ಲ. ಈ ಮೂವರು ನಾಪಾಸಾದವರ ಪಕ್ಕದಲ್ಲಿ ನಾಲ್ಕನೆಯವಳಾಗಿ ಕೂರುವುದು ಅವಳಿಗೆ ಒಗ್ಗಲಿಲ್ಲ.

"ನಾನು ನನ್ನ ಯಜಮಾನರಿಗೆ ಹೇಳಿದೆ," ಎಂದಳು.

ಒಮ್ಮೆ ಶುರುವಾದ ಮೇಲೆ ಸುಳ್ಳಿಗೆ ಕೈಕಾಲು ಮೂಡಿದವು, ಕೀಲುನೋವಿಲ್ಲದ ಕೈಕಾಲು. ಒಬ್ಬಟ್ಟು ಮಾಡಲು ಆಗುವುದಿಲ್ಲ ಎಂದಳಂತೆ. ಗಂಡ ಒಂದು ನಿಮಿಷ ಸುಮ್ಮನಿದ್ದನಂತೆ. ಆಮೇಲೆ ಹತ್ತಿರ ಬಂದು ಅವಳ ಎರಡೂ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಅದೂ ಮೆತ್ತಗೆ, "ಇಷ್ಟು ವರ್ಷ ಯಾಕೆ ಹೇಳಲಿಲ್ಲ ನೀನು?" ಎಂದು ಕೇಳಿದನಂತೆ. ಹೇಳುತ್ತಾ ಹೇಳುತ್ತಾ ವಾಸಂತಿಗೇ ಆ ಗಂಡನ ಮೇಲೆ ಪ್ರೀತಿ ಉಕ್ಕಿತು. ಅಂಥವನು ಎಲ್ಲಾದರೂ ಸಿಕ್ಕಿದರೆ ಮಾತಾಡಿಸಬೇಕು ಅನ್ನಿಸಿತು.

ನಾಲ್ಕು ವಾರದಿಂದ ಮುಟ್ಟದೆ ಉಳಿದಿದ್ದ ಟಿಶ್ಯೂ ಡಬ್ಬದಿಂದ ಮೊದಲ ಹಾಳೆ ಎಳೆದುಕೊಂಡವಳು ಐನಾಳೇ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೀಲುನೋವಿನವರ ಚಪ್ಪಾಳೆಗೆ ಸದ್ದಿರುವುದಿಲ್ಲ, ತೊಡೆಯ ಮೇಲೆ ಮೆಲ್ಲಗೆ ಬಡಿದುಕೊಳ್ಳುತ್ತಾರೆ. ರೊಹಾನಿ ಮಾತ್ರ ತಟ್ಟಲಿಲ್ಲ. ರೆಪ್ಪೆ ಬಡಿಯದೆ ವಾಸಂತಿಯನ್ನೇ ನೋಡುತ್ತಿದ್ದರು.

"ಅವರು ಕೋಪ ಮಾಡ್ಕೊಳ್ಳಲಿಲ್ವಾ?"

"ಇಲ್ಲ."

"ಒಂಚೂರೂ?"

"ಒಂಚೂರೂ ಇಲ್ಲ."

ಮನೆಗೆ ಹೋಗುವ ದಾರಿಯಲ್ಲಿ ವಾಸಂತಿಗೆ ಸ್ವಲ್ಪ ಕಸಿವಿಸಿಯಾಯಿತು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಓಡದ ಪ್ರೋಗ್ರಾಮನ್ನು ಓಡಿತು ಎಂದು ಅವಳು ಒಮ್ಮೆಯೂ ಬರೆದುಕೊಟ್ಟಿರಲಿಲ್ಲ. ಆದರೆ ಇದು ಯಾರಿಗೂ ತೊಂದರೆಯಿಲ್ಲದ ಸುಳ್ಳು ಎಂದು ಸಮಾಧಾನ ಮಾಡಿಕೊಂಡಳು. ಆಫೀಸಿನಲ್ಲಿ ಯಾರಾದರೂ ಇಂಥ ಮಾತು ಹೇಳಿದ್ದರೆ ಅವಳು ಸಿಗಿದು ತೋರಣ ಕಟ್ಟುತ್ತಿದ್ದಳು.

ಐದನೆಯ ಶನಿವಾರ ರೊಹಾನಿ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು. ಕಣ್ಣು ಊದಿಕೊಂಡಿತ್ತು. ಐನಾ "ಏನಾಯ್ತು?" ಎಂದು ಕೇಳುವ ಮೊದಲೇ ಹೇಳಿದರು.

ಸೋಮವಾರ ಬೆಳಗ್ಗೆ ಮಗಳು ಮಕ್ಕಳನ್ನು ಬಿಡಲು ಬಂದಾಗ ಅವರು ಬಾಗಿಲಲ್ಲೇ ನಿಲ್ಲಿಸಿ, "ನನಗೆ ನೋವಿದೆ, ಮೂರು ಮಕ್ಕಳನ್ನ ದಿನಾ ನೋಡ್ಕೊಳ್ಳೋಕೆ ಆಗಲ್ಲ," ಎಂದಿದ್ದರು. ವಾಸಂತಿ ಹೇಳಿದ ಮಾತುಗಳನ್ನೇ ಒಂದೂ ಬಿಡದೆ ಬಳಸಿದ್ದರು. ಆಮೇಲೆ ಮಗಳು ತನ್ನ ಕೈ ಹಿಡಿಯುತ್ತಾಳೆಂದು ಎರಡೂ ಕೈ ಸ್ವಲ್ಪ ಮುಂದೆ ಚಾಚಿ ನಿಂತಿದ್ದರು. ಮಗಳು ಕೈ ಹಿಡಿಯಲಿಲ್ಲ. "ನಮಗಿಂತ ಆ ಗ್ರೂಪಿನೋರು ಹೆಚ್ಚಾದ್ರಾ ನಿಂಗೆ?" ಎಂದು ಮಕ್ಕಳನ್ನು ಮತ್ತೆ ಕಾರಿಗೆ ಹತ್ತಿಸಿಕೊಂಡು ಹೋದವಳು ಐದು ದಿನವಾದರೂ ಫೋನು ಮಾಡಿಲ್ಲ. ಈ ಸಲ ಉಪವಾಸ ಮುಗಿಯುವ ಹರಿ ರಾಯಾ ಹಬ್ಬಕ್ಕೆ ನಮ್ಮಮ್ಮನ ಮನೆಗೇ ಹೋಗುತ್ತೇವೆ ಎಂದು ಅಳಿಯನಿಂದ ಮೆಸೇಜು ಬಂದಿದೆ.

ರೊಹಾನಿ ವಾಸಂತಿಯ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಪಾಠ ತಪ್ಪಿದ ವಿದ್ಯಾರ್ಥಿಯ ಸಂಕೋಚ ಇತ್ತು.

"ನಾನು ದನಿ ಏರಿಸಿದೆನೇನೋ. ನೀವು ಹೇಗೆ ಹೇಳಿದ್ರಿ, ವಾಸಂತಿ? ಇನ್ನೊಂದ್ಸಲ ಹೇಳಿ ತೋರಿಸ್ತೀರಾ? ನಿಂತ್ಕೊಂಡು ಹೇಳಿದ್ರಾ, ಕೂತ್ಕೊಂಡಾ?"

ಬಾಯಿ ಬಿಟ್ಟರೆ ಬಣ್ಣಗೇಡು, ಬಿಡದಿದ್ದರೆ ಅದಕ್ಕಿಂತ ಕೇಡು. ವಾಸಂತಿಗೆ ಬೆರಳಿನ ನೋವು, ಮಣಿಕಟ್ಟಿನ ನೋವು ಎರಡೂ ಮರೆತುಹೋದವು. ಆರು ವಾರದ ಚಿಕಿತ್ಸೆಯಲ್ಲಿ ನೋವು ಪೂರ್ತಿ ಹೋದ ಗಳಿಗೆ ಅದೊಂದೇ.

"ನಾನು ಹೇಳಲೇ ಇಲ್ಲ," ಎಂದಳು.

"ಏನು?"

"ನನ್ನ ಗಂಡನಿಗೆ ನಾನು ಏನೂ ಹೇಳಲಿಲ್ಲ. ಅವರು ಕೈ ಹಿಡ್ಕೊಳ್ಳಲೂ ಇಲ್ಲ. ಎಲ್ಲಾ ಇಲ್ಲೇ ಕೂತು ಕಟ್ಟಿದ್ದು."

"ನಲವತ್ತು ವರ್ಷ ಟೀಚರಾಗಿದ್ದೆ," ಎಂದರು ರೊಹಾನಿ. "ಹೋಂವರ್ಕ್ ಮಾಡ್ದೆ ಮಾಡಿದೀನಿ ಅನ್ನೋ ಮಕ್ಕಳನ್ನ ಮುಖ ನೋಡಿದ್ರೆ ಹೇಳ್ತಿದ್ದೆ. ನಿಮ್ಮದು ಗೊತ್ತಾಗಲಿಲ್ಲ ನಂಗೆ."

ಅಷ್ಟು ಹೇಳಿ ಅವರು ಎದ್ದುಹೋಗಲು ಹೊರಟರು. ಆದರೆ ಸೊಂಟ ಹಿಡಿದವರಿಗೆ ಸಿಟ್ಟಿನಿಂದ ಎದ್ದುಹೋಗುವುದಕ್ಕೂ ಹೊತ್ತು ಬೇಕು. ಕುರ್ಚಿಯ ತುದಿಗೆ ಜರುಗಿದರು. ಕೈ ಊರಿದರು. ಅರ್ಧ ಎದ್ದು ಮತ್ತೆ ಕೂತರು. ಸಹಾಯಕ್ಕೆ ಎದ್ದ ವಾಸಂತಿಯತ್ತ ಒಂದು ನೋಟ ಬೀರಿದರು, ಅವಳು ಕೂತಳು. ಅಂಕಲ್ ಚೋಂಗ್ ಮಾತಿಲ್ಲದೆ ತಮ್ಮ ಊರುಗೋಲು ಚಾಚಿದರು. ಅದನ್ನು ಹಿಡಿದು ಎದ್ದ ರೊಹಾನಿ ಟಕ್ಕು ಟಕ್ಕು ಎನ್ನಿಸುತ್ತಾ ಬಾಗಿಲು ತಲುಪಿದರು. ಇಷ್ಟು ನಿಧಾನವಾಗಿ ತನ್ನನ್ನು ಯಾರಾದರೂ ತಿರಸ್ಕರಿಸಿದ್ದು ವಾಸಂತಿಗೆ ನೆನಪಿರಲಿಲ್ಲ.

ಐನಾಳ ಜೇನು ದನಿ ಅಂದು ಇರಲಿಲ್ಲ. "ತಪ್ಪು ನಂದೂ ಇದೆ," ಎಂದಳು. "ಬಹಳ ಸಿಂಪಲ್ ಅಂದ್ಬಿಟ್ಟೆ. ಯಾರ ಮನೇಲಿ ಏನಾಗಬಹುದು ಅಂತ ಮೊದಲು ಕೂತು ಮಾತಾಡಬೇಕಿತ್ತು. ನನ್ನ ಅಮ್ಮ ನನ್ನ ಮಗೂನ ನೋಡ್ಕೊಳ್ತಾರೆ. ಅವರು ಬೇಡ ಅಂದ್ರೆ ನಾನು ಏನು ಮಾಡ್ತೀನೋ ನಂಗೇ ಗೊತ್ತಿಲ್ಲ."

ವಾಸಂತಿ ಮೊದಲ ಸಲ ಆ ಹುಡುಗಿಯ ಮುಖವನ್ನು ಸರಿಯಾಗಿ ನೋಡಿದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ನೆಲದಿಂದ ಚಂಗನೆ ಏಳುವವರಿಗೂ ಅಂಥ ಕಪ್ಪು ಬರುತ್ತದೆ ಎಂದು ಅವಳು ಯೋಚಿಸಿರಲಿಲ್ಲ.

"ನನ್ನ ಕೋಲು ಅವರ ಹತ್ರ ಇದೆ," ಎಂದರು ಅಂಕಲ್ ಚೋಂಗ್. "ಯಾರಾದ್ರೂ ಹೋಗಿ ತರಬೇಕು ಲಾ. ಇಲ್ಲದಿದ್ರೆ ನಾನು ಸೋಮವಾರದವರೆಗೆ ಇಲ್ಲೇ."

ಎಲ್ಲರೂ ವಾಸಂತಿಯನ್ನು ನೋಡಿದರು.

ರೊಹಾನಿ ಕೆಳಗೆ ಪೋರ್ಟಿಕೋದ ಬೆಂಚಿನಲ್ಲಿ ಗ್ರಾಬ್ ಟ್ಯಾಕ್ಸಿಗೆ ಕಾಯುತ್ತಿದ್ದರು. ವಾಸಂತಿ ಹೋಗಿ ಎದುರಿಗೆ ನಿಂತಳು. ಕ್ಷಮೆ ಕೇಳಿದಳು. ಬಹಳ ಚೆನ್ನಾಗಿಯೇ ಕೇಳಿದಳು ಅಂದುಕೊಂಡಳು. ರೊಹಾನಿ ಅದನ್ನು ಕಿವಿಗೆ ಹಾಕಿಕೊಂಡ ಹಾಗೆ ಕಾಣಲಿಲ್ಲ.

"ನಿಜವಾಗಿ ಏನಾಯ್ತು ಅವತ್ತು?"

"ಯಾವ ಬೇಳೆ ಅಂತ ಕೇಳಿದೆ."

"ಯಾವ ಬೇಳೆ?"

"ತೊಗರಿಬೇಳೆ ಅಂದ್ರು."

ರೊಹಾನಿಯ ತುಟಿ ಅಲುಗಿತು. ನಗು ಬರುತ್ತಿದೆಯೇನೋ ಎಂದು ವಾಸಂತಿ ಆಸೆಪಟ್ಟಳು. ಬರಲಿಲ್ಲ.

"ನಿಮ್ಮ ಮಾತು ಕೇಳದೇ ಇದ್ದಿದ್ರೆ ಈಗ ನನ್ನ ಮನೆ ತುಂಬಾ ಮಕ್ಕಳಿರ್ತಿದ್ರು," ಎಂದರು.

"ಸೊಂಟ ಹೇಗಿದೆ?" ಎಂದು ಬೇರೆ ಏನು ಕೇಳಬೇಕೆಂದು ತಿಳಿಯದೆ ಕೇಳಿದಳು ವಾಸಂತಿ.

"ಸೊಂಟ ಈ ವಾರ ಚೆನ್ನಾಗಿದೆ." ರೊಹಾನಿ ದೂರ ನೋಡಿದರು. "ಎರಡು ವರ್ಷದಲ್ಲಿ ಮೊದಲ ಸಲ ಬೆಳಗಿನವರೆಗೂ ನಿದ್ದೆ ಮಾಡಿದೆ. ಅದಕ್ಕೇ ನಂಗೆ ಜಾಸ್ತಿ ಕೋಪ."

ಕಾರು ಬಂತು. ಹತ್ತಿ ಕೂತು ಊರುಗೋಲನ್ನು ಕಿಟಕಿಯಿಂದ ಹೊರಗೆ ಚಾಚಿದರು. "ಮುಂದಿನ ಶನಿವಾರ ನಿಮ್ಮ ಹೋಂವರ್ಕ್ ನಾನು ನೋಡ್ತೀನಿ. ಬಾಯಲ್ಲಿ ಹೇಳಿದ್ರೆ ಒಪ್ಪಲ್ಲ."

ಅಂದು ಮಧ್ಯಾಹ್ನವೇ ವಾಸಂತಿ ತ್ರಿವಿಕ್ರಮನ ಎದುರು ನಿಂತಳು. ಅವನು ಯುಗಾದಿ ಬ್ಯಾನರಿನಲ್ಲಿ ಬೇವು ದೊಡ್ಡದಿರಬೇಕೋ ಬೆಲ್ಲ ದೊಡ್ಡದಿರಬೇಕೋ ಎಂದು ನೋಡುತ್ತಿದ್ದ.

"ರೀ, ನಂಗೆ ನೋವಿದೆ. ಆಗಲ್ಲ."

"ಏನು ಆಗಲ್ಲ?"

"ಒಬ್ಬಟ್ಟು."

"ಎಷ್ಟು ಆಗಲ್ಲ?"

"ಒಂದೂ ಆಗಲ್ಲ."

ತ್ರಿವಿಕ್ರಮ ಸುಮ್ಮನಾದ. ಒಂದು ನಿಮಿಷ ಸುಮ್ಮನೇ ಇದ್ದ. ಕಟ್ಟುಕತೆಯ ಗಂಡನೇ ಬಂದನೋ ಎಂದು ವಾಸಂತಿ ಎರಡೂ ಕೈ ಸ್ವಲ್ಪ ಮುಂದೆ ಚಾಚಿದಳು.

"ಮೆನು ಎಲ್ಲರಿಗೂ ಕಳಿಸಾಯ್ತಲ್ಲೇ!" ಎಂದ ತ್ರಿವಿಕ್ರಮ. "ಈಗ ಬಂದು ಹೇಳಿದ್ರೆ? ಜನಕ್ಕೆ ಏನು ಹೇಳ್ಲಿ ನಾನು?"

"ಸಂಧಿವಾತ ಅಂತ ಹೇಳಿ."

"ಹಾಗೆ ಹೇಳಕ್ಕಾಗತ್ತಾ?"

"ಒಂಬತ್ತು ವರ್ಷ ನಂಗೂ ಆಗ್ಲಿಲ್ಲ. ಇವತ್ತು ಆಯ್ತು."

"ಸರಿ ಬಿಡು, ನಾನೇ ಮಾಡ್ತೀನಿ," ಎಂದು ತ್ರಿವಿಕ್ರಮ ಎದ್ದ. "ಒಬ್ಬಟ್ಟು ಏನು ಬ್ರಹ್ಮವಿದ್ಯೇನಾ? ಮೊದಲು ಹತ್ತು ಮಾಡಿ ನೋಡೋಣ."

ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು. ಕಣಕ ನಾದಲು ಶುರುಮಾಡಿದವನು ಐದು ನಿಮಿಷಕ್ಕೆ ಭುಜ ಕುಣಿಸಿದ, ಹತ್ತು ನಿಮಿಷಕ್ಕೆ ಫ್ಯಾನು ಹಾಕಿಸಿದ. ಬೇಳೆ ಬೇಯಿಸಿ, ಬಸಿದು, ಬೆಲ್ಲ ಹಾಕಿ ಗಟ್ಟಿ ಮಾಡಿ ರುಬ್ಬುವಷ್ಟರಲ್ಲಿ ಮಾತು ನಿಂತಿತು. ವಾಸಂತಿ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಬಾಯಲ್ಲಿ ಮಾತ್ರ ಸಹಾಯ ಮಾಡಿದಳು. ಎದ್ದು ಅವನ ಕೈಯಿಂದ ಕಸಿದುಕೊಳ್ಳಬೇಕೆಂದು ಎರಡು ಸಲ ಅನ್ನಿಸಿತು. ಕುರ್ಚಿಯ ಅಂಚು ಹಿಡಿದು ಕೂತಳು. ಹೋಂವರ್ಕಿನ ಕಷ್ಟದ ಭಾಗ ಬೇಡ ಅನ್ನುವುದಲ್ಲ, ಅಂದಮೇಲೆ ಕೂತಿರುವುದು ಎಂದು ಅವಳಿಗೆ ಆಗ ತಿಳಿಯಿತು.

ಮೊದಲ ಒಬ್ಬಟ್ಟು ಹಂಚಿನ ಮೇಲೆ ಬಿದ್ದ ಕೂಡಲೇ ಒಡೆದು, ಪೆನಿನ್ಸುಲಾ ಒಂದು ಕಡೆ, ಸಾಬಾ ಸರವಾಕ್ ಇನ್ನೊಂದು ಕಡೆಯಾಗಿ, ಮಲೇಶಿಯಾದ ನಕ್ಷೆಯಂತೆ ಹರಡಿತು. ನಡುವಿನ ಸಮುದ್ರದಲ್ಲಿ ಹೂರಣ ಕರಕಲಾಯಿತು. ನಾಲ್ಕನೆಯದಕ್ಕೆ ತ್ರಿವಿಕ್ರಮ ಒಲೆ ಆರಿಸಿ, ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತ.

"ಕೈ ನೋಯತ್ತೆ ಕಣೇ."

"ಮನಸ್ಸು ಗಟ್ಟಿ ಮಾಡ್ಕೊಳ್ಳಿ."

ಅವನು ನಗಲಿಲ್ಲ. ತನ್ನ ಕೈಯನ್ನೇ ಮಡಚಿ ಬಿಡಿಸಿ ನೋಡಿಕೊಂಡ. "ನಿಂಗೆ ದಿನಾ ಹೀಗೇ ಇರತ್ತಾ?"

"ಇಲ್ಲ. ಈಗ ನಿಮ್ಮದು ಎರಡು. ನಂದು ಏಳು."

ತ್ರಿವಿಕ್ರಮ ಅವಳ ಕೈ ಹಿಡಿಯಲಿಲ್ಲ, ಅವನ ಕೈಯೆಲ್ಲ ಎಣ್ಣೆಯಾಗಿತ್ತು. ಸುಟ್ಟ ಒಬ್ಬಟ್ಟಿನ ತುಂಡು ಬಾಯಿಗೆ ಹಾಕಿಕೊಂಡು, ಫೋನು ತೆಗೆದು ಬಳಗದ ಗ್ರೂಪಿಗೆ ಟೈಪು ಮಾಡಿ ಅವಳಿಗೆ ತೋರಿಸಿದ. 'ಅನಾರೋಗ್ಯದ ನಿಮಿತ್ತ ಶ್ರೀಮತಿ ವಾಸಂತಿಯವರು ಈ ವರ್ಷ' ಎಂದಿತ್ತು.

"ನಿಮಿತ್ತ ಬೇಡ," ಎಂದಳು ವಾಸಂತಿ. "ಒಂಬತ್ತು ವರ್ಷದಿಂದ ಸಂಧಿವಾತ ಇದೆ, ಕೈ ನೋಯತ್ತೆ, ಒಬ್ಬಟ್ಟು ಆಗಲ್ಲ ಅಂತ ಬರೀರಿ."

ಅವನು ಅಳಿಸಿ ಬರೆದ. ಒಂದು ಗಂಟೆಯಲ್ಲಿ ಇಪ್ಪತ್ತೇಳು ಕೈಮುಗಿದ ಚಿತ್ರ ಬಂದವು, ಹನ್ನೊಂದು ಮನೆಮದ್ದು ಬಂದವು. ಅವುಗಳಲ್ಲಿ ಆರು ಮದ್ದನ್ನು ಮೊದಲು ಊರಿಗೆಲ್ಲ ಹಂಚಿದವನು ತ್ರಿವಿಕ್ರಮನೇ. ಬ್ರಿಕ್‌ಫೀಲ್ಡ್ಸ್‌ನ ತಮಿಳು ಅಂಗಡಿಯವರು ಪೋಳಿ ಮಾಡಿಕೊಡುತ್ತಾರೆ, ಅದೂ ಒಬ್ಬಟ್ಟೇ ಎಂದು ಯಾರೋ ಬರೆದರು. ಒಂಬತ್ತು ವರ್ಷ ಅವಳು ಹೊತ್ತ ಸಮಸ್ಯೆ ಒಂದು ಸಾಲಿನಲ್ಲಿ ಮುಗಿಯಿತು. ಅದರಿಂದ ಅವಳಿಗೆ ಸಮಾಧಾನಕ್ಕಿಂತ ಅವಮಾನವೇ ಹೆಚ್ಚಾಯಿತು. ತನ್ನ ಒಬ್ಬಟ್ಟಿಲ್ಲದೆ ಯುಗಾದಿಯೇ ನಿಂತುಹೋಗುತ್ತದೆ ಎಂದುಕೊಂಡಿದ್ದಳು.

ಬಳಗದ ಅಧ್ಯಕ್ಷರ ಹೆಂಡತಿ ಸರೋಜಿನಿಯವರಿಂದ ಪ್ರತ್ಯೇಕವಾಗಿ ಒಂದು ಮೆಸೇಜು ಬಂತು. 'ನಂಗೂ ಐದು ವರ್ಷದಿಂದ ಇದೆ ವಾಸಂತಿ. ಎಲ್ಲಿ ತೋರಿಸ್ತಿದೀರಿ? ನಂಬರ್ ಕೊಡಿ. ದಯವಿಟ್ಟು ಯಾರಿಗೂ ಹೇಳಬೇಡಿ.' ವಾಸಂತಿ ಐನಾಳ ನಂಬರು ಕಳಿಸಿದಳು.

ಕೊನೆಯ ಶನಿವಾರ ರೊಹಾನಿ ಬಂದರು. ವಾಸಂತಿ ಫೋನು ಚಾಚಿದಳು. ಅವರು ಕನ್ನಡಕ ಏರಿಸಿ ಆ ಕನ್ನಡ ಮೆಸೇಜನ್ನು ಮೇಲಿನಿಂದ ಕೆಳಗಿನವರೆಗೆ ಪರೀಕ್ಷಿಸಿದರು.

"ಇದು ಜಿಲೇಬಿ ಥರ ಇದೆ. ಏನು ಬರೆದಿದೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಬೆರಳಿಟ್ಟು ಓದಿ."

ವಾಸಂತಿ ಒಂದೊಂದು ಪದದ ಮೇಲೂ ಬೆರಳಿಟ್ಟು ಅರ್ಥ ಹೇಳಿದಳು. ಇಡೀ ಗುಂಪು ಕೇಳಿತು. 'ನೋಯತ್ತೆ' ಎಂಬಲ್ಲಿ ಬೆರಳು ನಿಲ್ಲಿಸಿ ಮೂಗು ಎಳೆದುಕೊಂಡಳು. ಸಾಮುಂಡೇಶ್ವರಿ ಟಿಶ್ಯೂ ಡಬ್ಬದ ಸ್ಟೂಲನ್ನು ಕಾಲಿನಿಂದ ಅವಳತ್ತ ಜರುಗಿಸಿದರು. ವಾಸಂತಿ ಡಬ್ಬ ಮುಟ್ಟಲಿಲ್ಲ, ಸೆರಗಿನಿಂದಲೇ ಮೂಗು ಒರೆಸಿಕೊಂಡಳು. ಅಷ್ಟರಮಟ್ಟಿಗೆ ಮಾನ ಉಳಿಸಿಕೊಂಡಳು.

ರೊಹಾನಿ ಅವಳನ್ನು ಕ್ಷಮಿಸಿದೆ ಎನ್ನಲಿಲ್ಲ. ತಮ್ಮ ಸುದ್ದಿ ಹೇಳಿದರು. ಮಗಳು ಗುರುವಾರ ಉಪವಾಸ ಬಿಡುವ ಹೊತ್ತಿಗೆ ಮಕ್ಕಳ ಸಮೇತ ಬಂದಿದ್ದಳು. ತಾಯಿಯೊಂದಿಗೆ ಒಂದು ಮಾತೂ ಆಡಲಿಲ್ಲ. ಆದರೆ ಪಾತ್ರೆಗಳನ್ನೆಲ್ಲ ತಾನೇ ತೊಳೆದಿಟ್ಟು ಹೋದಳು. ಹೋಗುವಾಗ ಗೋಡೆಗೆ ಹೇಳುವ ಹಾಗೆ, "ವಾರಕ್ಕೆ ಎರಡು ದಿನ ಆಗಬಹುದಾ ಅಂತ ಕೇಳು," ಎಂದು ಹಿರಿಯ ಮಗುವಿಗೆ ಹೇಳಿದಳು.

"ನೀವೇನಂದ್ರಿ?" ಎಂದಳು ಐನಾ.

"ನಾನೂ ಮಗುವಿಗೇ ಹೇಳಿದೆ. ನೋಡೋಣ ಅಂತ."

ರಾಯಾ ಮುಗಿದ ಮರುವಾರ ಊರಿನ ಪದ್ಧತಿಯಂತೆ ರೊಹಾನಿ ಹಬ್ಬದೂಟಕ್ಕೆ ಮನೆ ತೆರೆದಿಟ್ಟು ಗುಂಪಿನವರನ್ನೆಲ್ಲ ಕರೆದರು. ವಾಸಂತಿ ಗಂಡನನ್ನು ಕರೆದುಕೊಂಡು ಹೋದಳು. ಬಾಗಿಲು ತೆರೆದವಳು ರೊಹಾನಿಯ ಮಗಳು. ವಾಸಂತಿಯ ಬಾಗಿದ ಬೆರಳುಗಳನ್ನು ನೋಡಿದಳು, ಮುಖ ನೋಡಿದಳು.

"ನಮ್ಮಮ್ಮನಿಗೆ ಬೇಡ ಅನ್ನೋದು ಕಲಿಸಿದ್ದು ನೀವೇನಾ?"

"ಅಲ್ಲ," ಎಂದಳು ವಾಸಂತಿ. "ನನಗೆ ಕಲಿಸಿದ್ದು ಅವರು."

ಮಗಳು ನಕ್ಕಳೆಂದು ಹೇಳಲಾಗದು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಒಳಗೆ ಮೂರು ಮಕ್ಕಳು ಕಿರುಚಾಡುತ್ತಿದ್ದವು. ರೊಹಾನಿ ಹೊಸ ನೀಲಿ ಉಡುಪಿನಲ್ಲಿ, ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಸೋಫಾದಲ್ಲಿ ಮಹಾರಾಣಿಯ ಹಾಗೆ ಕೂತಿದ್ದರು. ಪಕ್ಕದಲ್ಲಿ ಅಂಕಲ್ ಚೋಂಗ್ ಆಗಲೇ ತಟ್ಟೆ ಖಾಲಿ ಮಾಡಿದ್ದರು.

"ಪ್ಲೇಟು ನೀವೇ ತಗೋಬೇಕು," ಎಂದಳು ಮಗಳು, ತಾಯಿಗೂ ಕೇಳುವ ಹಾಗೆ. "ಅಮ್ಮ ಇವತ್ತು ಯಾರಿಗೂ ಬಡಿಸಲ್ಲವಂತೆ."

"ನಿಜ," ಎಂದರು ರೊಹಾನಿ. ಸೋಫಾದಲ್ಲಿ ತಮ್ಮ ಪಕ್ಕದ ಜಾಗವನ್ನು ಕೈಯಿಂದ ತಟ್ಟಿದರು. "ವಾಸಂತಿ, ನೀವು ಬಂದು ಇಲ್ಲಿ ಕೂತ್ಕೊಳ್ಳಿ. ಮಿಸ್ಟರ್ ತೊಗರಿಬೇಳೆ ಪ್ಲೇಟ್ ತರ್ತಾರೆ."

ತ್ರಿವಿಕ್ರಮ ಯಾರದೋ ಹೆಸರಿರಬೇಕೆಂದು ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಎರಡು ತಟ್ಟೆ ಹಿಡಿದು ಸಾಲಿನಲ್ಲಿ ನಿಂತು, ಇದರಲ್ಲಿ ಮಾಂಸ ಹಾಕದ್ದು ಯಾವುದು ಎಂದು ಮಗಳನ್ನು ವಿಚಾರಿಸತೊಡಗಿದ.